ಶಾಸಕರ, ಸಂಸದರ ಬಳಿ ಹೋಗುವ ಮುನ್ನ: ಜತ್ತ ತಾಲೂಕಿನ ಸದಸ್ಯರಿಗೆ ಮಾಹಿತಿ

ನಿರಾಧಾರ ಪಗಾರ ನಿಂತಿದೆ, ಸಾತಬಾರಾ ಉತಾರದಲ್ಲಿ ಹೆಸರು ತಪ್ಪಾಗಿದೆ, ಆಮದಾರರಿಂದ ಒಂದು ಚೀಟಿ ಕೊಡಿಸಿ ಎಂದು ಹಲವರು ನಮ್ಮನ್ನು ಕೇಳುತ್ತಾರೆ. ಬರಿಗೈಯಲ್ಲಿ ಹೋದರೆ ಕೆಲಸವಾಗದು. ಕ್ರಮ ಹೀಗಿರಲಿ.

1. ಮೊದಲು ಅರ್ಜಿ: ಜತ್ತ ತಹಶೀಲ್ ಕಚೇರಿಗೋ ಸಂಖದ ಅಪ್ಪರ ತಹಶೀಲ್ ಕಚೇರಿಗೋ ಲಿಖಿತ ಅರ್ಜಿ ಕೊಟ್ಟು, ತಾರೀಖು ಮತ್ತು ಸಿಕ್ಕಾ ಇರುವ ಪೋಚ್ ಪಡೆಯಿರಿ. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಬಹುದು. ಆದ್ದರಿಂದ ಕನ್ನಡದಲ್ಲಿ ಬರೆಯಲು ಅಂಜಬೇಕಿಲ್ಲ. ಕೆಲಸ ಬೇಗ ಸಾಗಲು ಮರಾಠಿ ಪ್ರತಿಯನ್ನೂ ಲಗತ್ತಿಸಿ.

2. ಯಾರ ಬಳಿ: ಕಂದಾಯ, ರೇಶನ್, ಕರೆಂಟಿನಂಥ ರಾಜ್ಯದ ಕೆಲಸಕ್ಕೆ ಜತ್ತದ ಶಾಸಕರು. ಪಾಸ್‌ಪೋರ್ಟ್, ರೈಲ್ವೆ, ಅಂಚೆ, ಪಿ.ಎಫ್.ನಂಥ ಕೇಂದ್ರದ ಕೆಲಸಕ್ಕೆ ಸಾಂಗ್ಲಿಯ ಸಂಸದರು.

3. ಏನು ಕೇಳಬೇಕು: ಅವರು ಅಧಿಕಾರಿಗೆ ಪತ್ರ ಬರೆಯಬಹುದು, ವಿಚಾರಿಸಬಹುದು. ನಿಯಮ ಮುರಿದು ಮಂಜೂರು ಮಾಡಿಸಲಾರರು, ಕೋರ್ಟಿನಲ್ಲಿರುವ ವ್ಯಾಜ್ಯದಲ್ಲಿ ಕೈಹಾಕಲಾರರು. ಕಚೇರಿಯ ಹೆಸರು, ಅರ್ಜಿಯ ತಾರೀಖು, ತೊಂದರೆ ಒಂದೇ ಪುಟದಲ್ಲಿ ಬರೆದು ಪೋಚಿನ ಝೆರಾಕ್ಸ್ ಜೋಡಿಸಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ. ಶಿಫಾರಸು ಪತ್ರಕ್ಕೆ ಫೀ ಇಲ್ಲ. ಮಧ್ಯಸ್ಥರಿಗೆ ಹಣ ಕೊಡಬೇಡಿ.

4. ಆದರೂ ಆಗದಿದ್ದರೆ: ಮಹಾರಾಷ್ಟ್ರದ 2015ರ ಸೇವಾ ಹಕ್ಕು ಕಾಯ್ದೆಯಡಿ ಬರುವ ದಾಖಲೆಗಳು ಅವಧಿಯೊಳಗೆ ಸಿಗದಿದ್ದರೆ 30 ದಿನಗಳೊಳಗೆ ಮೊದಲ ಅಪೀಲು ಸಲ್ಲಿಸಬಹುದು. ಸಾಂಗ್ಲಿ ಜಿಲ್ಲಾಧಿಕಾರಿಗಳ ಲೋಕಶಾಹಿ ದಿನ ತಿಂಗಳ ಮೊದಲ ಸೋಮವಾರ; ಹೋಗುವ ಮುನ್ನ ಅರ್ಜಿಯ ನಿಯಮ ಕೇಳಿಕೊಳ್ಳಿ.

ಮರಾಠಿ ಪ್ರತಿ ಬರೆಯಲು ಬಾರದವರು ಕಾಗದಪತ್ರಗಳೊಂದಿಗೆ ಸಂಘಕ್ಕೆ ಬನ್ನಿ. ಬರೆದುಕೊಡುತ್ತೇವೆ.

– ಕಾರ್ಯದರ್ಶಿ