ಪೀಸಾ ವಾಲುಗೋಪುರದ ತಳಪಾಯ

ಪೀಸಾ ವಾಲುಗೋಪುರವು ಇಟಲಿಯ ಟಸ್ಕನಿ ಪ್ರಾಂತ್ಯದ ಪೀಸಾ ನಗರದಲ್ಲಿ ಅಲ್ಲಿನ ಪ್ರಧಾನ ಚರ್ಚಿಗೆ ಸೇರಿದ ಘಂಟಾಗೋಪುರ. ಇದರ ಎತ್ತರ ಸುಮಾರು 56 ಮೀಟರ್, ತೂಕ ಸುಮಾರು 14,500 ಟನ್. ಗೋಪುರವು ವಾಲಲು ಮುಖ್ಯ ಕಾರಣ ಕಲ್ಲುಗೆಲಸದ ದೋಷವಲ್ಲ, ತಳಪಾಯದ ಕೆಳಗಿರುವ ಮೆದು ಮಣ್ಣು. ಹಳೆಯ ಕಟ್ಟಡಗಳ ತಳಪಾಯವನ್ನು ಭದ್ರಪಡಿಸುವ ವಿಧಾನಗಳಿಗೆ ಇದು ಪ್ರಸಿದ್ಧ ನಿದರ್ಶನವಾಗಿದೆ.

ನೆಲದ ಸ್ವರೂಪ

ಕಟ್ಟಡದ ಭಾರವನ್ನು ನೆಲಕ್ಕೆ ಹಂಚುವುದು ತಳಪಾಯದ ಕಾರ್ಯ. ಭಾರಕ್ಕೆ ನೆಲವು ಸ್ವಲ್ಪ ಕುಗ್ಗುವುದು ಸಹಜ. ಆದರೆ ಒಂದು ಬದಿ ಹೆಚ್ಚು ಕುಗ್ಗಿದರೆ ಕಟ್ಟಡ ವಾಲುತ್ತದೆ. ಈ ಗೋಪುರದ ಉಂಗುರಾಕಾರದ ಕಲ್ಲಿನ ತಳಪಾಯ ಕೇವಲ 3 ಮೀಟರಿನಷ್ಟು ಆಳವಾಗಿದೆ. ಅದರ ಕೆಳಗೆ ಹೂಳು ಮತ್ತು ಮರಳು ಬೆರೆತ ಪದರವಿದ್ದು, ಅದಕ್ಕೂ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಜೇಡಿಮಣ್ಣಿದೆ. ದಕ್ಷಿಣ ಬದಿಯ ಮಣ್ಣು ಹೆಚ್ಚು ಕುಗ್ಗುವ ಗುಣದ್ದು.

ನಿರ್ಮಾಣ

1173ರಲ್ಲಿ ಆರಂಭವಾದ ಕೆಲಸ ಸುಮಾರು 5 ವರ್ಷಗಳ ನಂತರ ನಿಂತುಹೋಯಿತು. 1272ರಲ್ಲಿ ಅದು ಮುಂದುವರಿಯುವ ವೇಳೆಗೆ, ಕಟ್ಟಿದಷ್ಟರ ಭಾರಕ್ಕೆ ಜೇಡಿಮಣ್ಣಿನೊಳಗಿನ ನೀರು ಹಿಂಡಿಹೋಗಿ ಮಣ್ಣು ಗಟ್ಟಿಯಾಗಿತ್ತು. ಕೆಲಸ ಎಡೆಬಿಡದೆ ಸಾಗಿದ್ದರೆ ಗೋಪುರ ಅಂದೇ ಉರುಳುತ್ತಿತ್ತು ಎಂಬುದು ತಜ್ಞರ ಅಭಿಪ್ರಾಯ. ನಂತರದ ಶಿಲ್ಪಿಗಳು ವಾಲಿಕೆಯನ್ನು ಸರಿದೂಗಿಸಲು ಯತ್ನಿಸಿದ್ದರಿಂದ ಗೋಪುರವು ಬಾಳೆಹಣ್ಣಿನಂತೆ ತುಸು ಬಾಗಿದೆ. ಘಂಟೆಯ ಕೋಣೆ 14ನೆಯ ಶತಮಾನದಲ್ಲಿ ಪೂರ್ಣಗೊಂಡಿತು.

ವಿಫಲ ಯತ್ನಗಳು

1838ರಲ್ಲಿ, ಹೂತುಹೋಗಿದ್ದ ಬುಡಭಾಗ ಕಾಣುವಂತೆ ಮಾಡಲು ಸುತ್ತಲೂ ನೆಲವನ್ನು ಅಗೆಯಲಾಯಿತು. ಅಗೆತ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದು ನೀರು ನುಗ್ಗಿತು. ಗೋಪುರ ಇನ್ನಷ್ಟು ವಾಲಿತು. 1930ರ ದಶಕದಲ್ಲಿ ತಳಪಾಯದಲ್ಲಿ ಮುನ್ನೂರಕ್ಕೂ ಹೆಚ್ಚು ರಂಧ್ರಗಳನ್ನು ಕೊರೆದು ಸಿಮೆಂಟ್ ಗಾರೆಯನ್ನು ತುಂಬಲಾಯಿತು. ಇದರಿಂದಲೂ ವಾಲಿಕೆ ಹೆಚ್ಚಿತು.

1989ರಲ್ಲಿ ಪಾವಿಯಾ ನಗರದ ಹಳೆಯ ಗೋಪುರವೊಂದು ಕುಸಿದು ನಾಲ್ವರು ಮೃತಪಟ್ಟರು. ಈ ದುರಂತದ ಬಳಿಕ, 1990ರ ಜನವರಿಯಲ್ಲಿ ಪೀಸಾ ಗೋಪುರಕ್ಕೆ ಪ್ರವಾಸಿಗರ ಪ್ರವೇಶವನ್ನು ನಿಲ್ಲಿಸಲಾಯಿತು.

ಬಲವರ್ಧನೆ

ಮಿಖೇಲೆ ಯಾಮಿಯೊಲ್ಕೋವ್ಸ್ಕಿ ಅಧ್ಯಕ್ಷತೆಯ ತಜ್ಞರ ಸಮಿತಿಯು 1993ರಲ್ಲಿ ಉತ್ತರ ಬದಿಯ ಬುಡದ ಮೇಲೆ ಸುಮಾರು 600 ಟನ್ ಸೀಸದ ಗಟ್ಟಿಗಳನ್ನಿರಿಸಿ ವಾಲಿಕೆಯನ್ನು ತಡೆಯಿತು. 1995ರಲ್ಲಿ ಗೋಪುರವನ್ನು ಆಳದ ನೆಲಕ್ಕೆ ಬಿಗಿಯುವ ಕೆಲಸಕ್ಕಾಗಿ ದ್ರವ ಸಾರಜನಕದಿಂದ ಮಣ್ಣನ್ನು ಹೆಪ್ಪುಗಟ್ಟಿಸಿದಾಗ ಗೋಪುರ ಮತ್ತೆ ದಕ್ಷಿಣಕ್ಕೆ ವಾಲತೊಡಗಿತು. ಕೆಲಸವನ್ನು ಕೈಬಿಟ್ಟು ಸೀಸದ ಭಾರವನ್ನು ಸುಮಾರು 900 ಟನ್ನಿಗೆ ಏರಿಸಲಾಯಿತು.

ಕೊನೆಗೆ, ಕುಸಿದ ದಕ್ಷಿಣ ಬದಿಯನ್ನು ಎತ್ತುವ ಬದಲು ಎತ್ತರವಾಗಿದ್ದ ಉತ್ತರ ಬದಿಯನ್ನು ತಗ್ಗಿಸುವ ಮಾರ್ಗವನ್ನು ಅನುಸರಿಸಲಾಯಿತು. ಫೆರ್ನಾಂಡೊ ತೆರ್ರಾಚಿನಾ 1962ರಲ್ಲೇ ಇದನ್ನು ಸೂಚಿಸಿದ್ದರು. ಬ್ರಿಟಿಷ್ ತಜ್ಞ ಜಾನ್ ಬರ್ಲೆಂಡ್ ಈ ಕಾರ್ಯದಲ್ಲಿ ಪ್ರಮುಖ ಪಾತ್ರ ವಹಿಸಿದರು. 1999ರಿಂದ 2001ರವರೆಗೆ ಓರೆಯಾಗಿ ಇಳಿಸಿದ ಕೊಳವೆಗಳ ಮೂಲಕ ಉತ್ತರ ಬದಿಯಡಿಯ ಮಣ್ಣನ್ನು ಸ್ವಲ್ಪಸ್ವಲ್ಪವೇ ತೆಗೆಯಲಾಯಿತು. ಪ್ರತಿ ಹಂತದಲ್ಲೂ ಗೋಪುರದ ಚಲನೆಯನ್ನು ಅಳೆದು ನೋಡಲಾಗುತ್ತಿತ್ತು. ಹೀಗೆ ತೆಗೆದ ಮಣ್ಣು ಸುಮಾರು 38 ಘನ ಮೀಟರ್. ಗೋಪುರದ ತುದಿ 40 ಸೆಂಟಿಮೀಟರಿಗೂ ಹೆಚ್ಚು ಹಿಂದಕ್ಕೆ ಸರಿದು, ಅದರ ವಾಲಿಕೆ 19ನೆಯ ಶತಮಾನದ ಆರಂಭದಲ್ಲಿದ್ದ ಮಟ್ಟಕ್ಕೆ ಮರಳಿತು. 2001ರ ಡಿಸೆಂಬರಿನಲ್ಲಿ ಗೋಪುರವನ್ನು ಮತ್ತೆ ತೆರೆಯಲಾಯಿತು.