ಗುರಿ ಮತ್ತು ದೂರ

ಬೇಟೆಯ ಚರಿತ್ರೆ ಎಂದರೆ ದೂರದ ಚರಿತ್ರೆ ಎಂದು ನನಗೆ ಅನ್ನಿಸುತ್ತದೆ. ಕೊಲ್ಲುವವನಿಗೂ ಸಾಯುವ ಪ್ರಾಣಿಗೂ ನಡುವೆ ಎಷ್ಟು ಮಾರು ನೆಲವಿತ್ತು ಎಂದು ಕಾಲಕಾಲಕ್ಕೆ ಅಳೆಯುತ್ತ ಹೋದರೆ ರಾಜರ, ಸಾಹೇಬರ, ಬೇಡರ, ರೈತರ ಕಥೆಯೆಲ್ಲ ಅದರೊಳಗೇ ಬಂದುಬಿಡುತ್ತದೆ. ಶಾಲೆಯಲ್ಲಿ ಪಾಠ ಹೇಳುವ ಹೆಂಗಸಿಗೆ ಬಂದೂಕಿನ ಉಸಾಬರಿ ಯಾಕೆ ಎಂದು ಕೇಳುವವರು ಇದ್ದಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ಚರಿತ್ರೆ ಕಲಿಸಿದವಳಿಗೆ ಆ ಉಸಾಬರಿ ತಪ್ಪುವಂಥದಲ್ಲ. ಇಲ್ಲಿಯ ಬಂಡೆ, ಕೋಟೆ, ದಂಡಿನ ಊರು ಎಲ್ಲವೂ ಒಂದಲ್ಲ ಒಂದು ರೀತಿ ಗುರಿಯ ಮಾತನ್ನೇ ಆಡುತ್ತವೆ.

ಮೊದಲು ಬಂಡೆಗಳಿಂದಲೇ ಶುರು ಮಾಡೋಣ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಉತ್ಖನನ ನಡೆಸಿ, ನವಶಿಲಾಯುಗದ ದನಗಾಹಿಗಳ ನೆಲೆಯನ್ನು ತೋರಿಸಿಕೊಟ್ಟರು. ಅಲ್ಲಿಯ ಕಲ್ಲುಗಳ ಮೇಲೆ ಕುಟ್ಟಿ ಬಿಡಿಸಿದ ಚಿತ್ರಗಳಲ್ಲಿ ಗೂಳಿಗಳದೇ ಹೆಚ್ಚುಗಾರಿಕೆ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಗವಿಗಳಿಗೆ ಹೋದರೆ ಕೆಂಪು ಬಣ್ಣದ ಬೇಟೆಗಾರರು ಕಾಣುತ್ತಾರೆ. ಆ ಚಿತ್ರಗಳಲ್ಲಿ ಮನುಷ್ಯನೂ ಮಿಗವೂ ಒಂದೇ ಬಂಡೆಯ ಮೇಲೆ ಹತ್ತಿರ ಹತ್ತಿರ ನಿಂತಿರುತ್ತಾರೆ. ಭರ್ಜಿ ಹಿಡಿದವನಿಗೆ ಬೇರೆ ದಾರಿ ಇರಲಿಲ್ಲ. ಪ್ರಾಣಿಯ ಉಸಿರು ಕೇಳುವಷ್ಟು ಸಮೀಪಕ್ಕೆ ಹೋಗಬೇಕು, ಅದು ತಿರುಗಿ ಬಿದ್ದರೆ ತಾನೂ ಸಾಯಬೇಕು. ಅದು ನ್ಯಾಯದ ಲೆಕ್ಕವೋ ಅಲ್ಲವೋ, ಸಮದ ಲೆಕ್ಕವಂತೂ ಹೌದು.

ಆಮೇಲಿನದು ಮಸ್ಕಿಯ ಬಂಡೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ ಚಿನ್ನದ ಸುಳಿವು ಹುಡುಕುತ್ತ ಬಂದವನು ಬ್ರಾಹ್ಮಿ ಅಕ್ಷರಗಳನ್ನು ಕಂಡ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವರಿಗೆ ಪ್ರಿಯನಾದ ರಾಜ ಎಂದಷ್ಟೇ ಇತ್ತು. ಮಸ್ಕಿಯ ಕಲ್ಲಿನಲ್ಲಿ ಅಶೋಕನ ಹೆಸರೇ ಇತ್ತು. ಮುಂದೆ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿ ಆ ಹೆಸರು ಮತ್ತೆ ಸಿಕ್ಕಿತು. ಮೊದಲ ಮಾನ ಮಾತ್ರ ಮಸ್ಕಿಯದೇ. ಬೇಟೆಯ ಸುದ್ದಿ ಈ ಕಲ್ಲಿನಲ್ಲಿಲ್ಲ. ಅದಕ್ಕೆ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಅಲ್ಲಿಯ ದೊಡ್ಡ ಶಾಸನಗಳಲ್ಲಿ ಅಶೋಕ ಎರಡು ಸಂಗತಿ ಹೇಳಿಕೊಂಡಿದ್ದಾನೆ. ತನ್ನ ಅಡಿಗೆಮನೆಗೆ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಬೀಳುತ್ತಿದ್ದವು, ಈಗ ಎರಡು ನವಿಲು ಒಂದು ಜಿಂಕೆಗೆ ಇಳಿದಿದೆ, ಮುಂದೆ ಅವೂ ಇರವು ಎಂಬುದು ಒಂದು. ಹಿಂದಿನ ರಾಜರು ಬೇಟೆಯ ವಿಹಾರಕ್ಕೆ ಹೋಗುತ್ತಿದ್ದರು, ತಾನು ಪಟ್ಟಕ್ಕೆ ಬಂದ ಹತ್ತು ವರ್ಷಕ್ಕೆ ಅದನ್ನು ಬಿಟ್ಟು ಧರ್ಮಯಾತ್ರೆ ಹೊರಟೆ ಎಂಬುದು ಇನ್ನೊಂದು. ಇದು ಆಸೆಬುರುಕ ಅರಸನ ಮಾತಲ್ಲ. ಆ ಎರಡು ನವಿಲು, ಒಂದು ಜಿಂಕೆಯ ಲೆಕ್ಕ ನೋಡಿದರೆ ಬಾಯಿಚಪಲ ಬಿಡುವುದು ಚಕ್ರವರ್ತಿಗೂ ಒಂದೇ ದಿನದ ಕೆಲಸವಾಗಿರಲಿಲ್ಲ ಎಂದು ತಿಳಿಯುತ್ತದೆ.

ದೂರ ಹಿಗ್ಗಿದ್ದು ಮದ್ದಿನಿಂದ. ನಮ್ಮ ದೋಆಬಿನಲ್ಲಿ ಅದಕ್ಕೆ ಸಾಕ್ಷಿ 1520ರ ರಾಯಚೂರು ಮುತ್ತಿಗೆ. ಕೃಷ್ಣದೇವರಾಯನ ಕಡೆ ಕ್ರಿಸ್ತೋವಾವ್ ದ ಫಿಗೆರೆದು ಎಂಬ ಪೋರ್ಚುಗೀಸನು ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಸೇರಿಕೊಂಡ ಕಥೆಯನ್ನು ನ್ಯೂನಿಜ್ ಬರೆದಿಟ್ಟಿದ್ದಾನೆ. ಕೋಟೆಯ ಕಾವಲಿನವರು ಅಂಥ ಗುರಿಯನ್ನು ಕಂಡವರಲ್ಲ. ಎಂದಿನಂತೆ ತೆನೆಗಳ ಮೇಲೆ ಎದೆ ತೋರಿಸಿ ನಿಂತರು, ಒಬ್ಬೊಬ್ಬರಾಗಿ ಉರುಳಿದರು. ಕೆಳಗೆ ಏನಾಗುತ್ತಿದೆ ಎಂದು ಬಗ್ಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿತ್ತಂತೆ. ಮಕ್ಕಳಿಗೆ ಈ ಪಾಠ ಹೇಳುವಾಗ ನಾನು ಗೆದ್ದವರ ಹೆಸರಿನ ಜೊತೆಗೆ ಇದನ್ನೂ ಹೇಳುತ್ತೇನೆ. ತನ್ನನ್ನು ಕೊಂದವನ ಮುಖ ಆ ಅಧಿಕಾರಿಗೆ ಕಾಣಲಿಲ್ಲ.

ಮದ್ದು ಬಂದ ಮೇಲೂ ಬೇಡರ ಕೈಯಲ್ಲಿ ಬತ್ತಿ ಬಂದೂಕು, ಬಲೆ, ನಾಯಿ, ಈಟಿ ಉಳಿದಿದ್ದವು. ಸುರಪುರದ ನಾಯಕರ ಬಲವೇ ಈ ಬೇಡರು. ಆಯುಧ ಅವರಿಗೆ ಅನ್ನ, ಮಾನ ಎರಡೂ ಆಗಿತ್ತು. 1857ರಲ್ಲಿ ಕಂಪನಿ ಸರಕಾರ ಆಯುಧ ಒಪ್ಪಿಸಿರಿ ಎಂದು ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಅದೇ ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು, ಬಹಳ ಜನ ಸತ್ತರು, ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. 1858ರ ಫೆಬ್ರವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕನ ಮೇಲೆ ಹೋದ ಸೈನ್ಯ ಹೊರಟದ್ದು ನಮ್ಮ ಲಿಂಗಸುಗೂರಿನ ದಂಡಿನಿಂದ. ಆಗ ಅದು ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ಠಾಣೆ. 1905ರವರೆಗೆ ಜಿಲ್ಲಾ ಕೇಂದ್ರವೂ ಆಗಿತ್ತು. ಹೀಗೆ ಹೊಟ್ಟೆಗಾಗಿ ಬೇಟೆಯಾಡುವವನ ಕೈ ಬರಿದಾಯಿತು, ಮೋಜಿಗಾಗಿ ಆಡುವವನ ಕೈಗೆ ದಿನದಿನಕ್ಕೂ ಹೊಸ ಬಂದೂಕು ಬಂತು. 1878ರ ಆಯುಧ ಕಾಯ್ದೆ ಈ ಭೇದವನ್ನು ಲೈಸೆನ್ಸಿನ ಕಾಗದದ ಮೇಲೆ ಇನ್ನಷ್ಟು ಗಟ್ಟಿ ಮಾಡಿತು.

ದುರ್ಬೀನು ಬಂದೂಕಿನ ಮೇಲೇರಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಬಾಂಬೆ ಸೈನ್ಯದಲ್ಲಿದ್ದ ಡೇವಿಡ್‌ಸನ್ ಎಂಬ ಅಧಿಕಾರಿಯ ಹೆಸರಿನ ದುರ್ಬೀನು ವಿಟ್‌ವರ್ತ್ ಬಂದೂಕುಗಳ ಪಕ್ಕಕ್ಕೆ ಕೂತು 1860ರ ದಶಕದ ಅಮೆರಿಕದ ಅಂತರ್ಯುದ್ಧವನ್ನು ಕಂಡಿತು. ಇಪ್ಪತ್ತನೆಯ ಶತಮಾನದ ನಡುವಿಗೆ ಅದು ಸಾಮಾನ್ಯ ಬೇಟೆಗಾರನ ಕೈಗೂ ಎಟುಕಿತು. ಅಮೆರಿಕದ ವೀವರ್ ಕಂಪನಿ 1947ರಲ್ಲಿ ತಂದ ನಾಲ್ಕು ಪವರಿನ ದುರ್ಬೀನು ತುಂಬ ಹೆಸರು ಮಾಡಿತು. ಪವರ್ ಎಂದರೆ ಇಲ್ಲಿ ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬ ಲೆಕ್ಕ. ನಾಲ್ಕು ಪವರಿನದಾದರೆ 200 ಗಜದಲ್ಲಿರುವ ಚಿಗರಿ 50 ಗಜದಲ್ಲಿ ನಿಂತಂತೆ ಕಾಣುತ್ತದೆ. ಮುಂದೆ ಮೂರರಿಂದ ಒಂಬತ್ತರವರೆಗೆ ತಿರುಗಿಸಿ ಹೆಚ್ಚುಕಡಿಮೆ ಮಾಡುವ ದುರ್ಬೀನುಗಳು ಬಂದವು. ಬೇಟೆಗಾರರಲ್ಲಿ ಒಂದು ಪಂಗಡ ಮಾತ್ರ ಒಂದೇ ಪವರಿನದನ್ನು ಬಿಡಲಿಲ್ಲ.

ಇದರ ಗುಟ್ಟನ್ನು ನನಗೆ ಬಿಡಿಸಿ ಹೇಳಿದವರು ಸೈನ್ಯದಲ್ಲಿದ್ದು ಬಂದ ನಮ್ಮ ಸೋದರಮಾವ. "ಮಾಮಾ, ದೊಡ್ಡದಾಗಿ ಕಂಡಷ್ಟೂ ಛಲೋ ಅಲ್ಲೇನು?" ಎಂದು ಕೇಳಿದೆ. ಅವರು ನಕ್ಕು, "ಯವ್ವಾ, ಪ್ರಾಣಿ ದೊಡ್ಡದಾಗಿ ಕಾಣ್ತದ ಖರೆ, ನಿನ್ನ ಕೈ ನಡುಗೂದೂ ಅಷ್ಟೇ ದೊಡ್ಡದಾಗಿ ಕಾಣ್ತದ" ಎಂದರು. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಮುಂದಿನ ಗಾಜಿನ ಅಗಲವನ್ನು ಪವರಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲ ಸಿಗುತ್ತದೆ. 32 ಮಿಲಿಮೀಟರ್ ಗಾಜು, ನಾಲ್ಕು ಪವರ್ ಎಂದರೆ 8 ಮಿಲಿಮೀಟರ್. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಅರಳುವುದೇ ಸುಮಾರು 7 ಮಿಲಿಮೀಟರ್, ವಯಸ್ಸಾದಂತೆ ಇನ್ನೂ ಕಡಿಮೆ. ಹಾಗಾಗಿ ಮುಸ್ಸಂಜೆಯ ಬೆಳಕಿಗೂ ಅದು ಸಾಕು. ಅದೇ ಗಾಜಿಗೆ ಒಂಬತ್ತು ಪವರ್ ಇಟ್ಟರೆ ಕಂತೆ ಮೂರೂವರೆ ಮಿಲಿಮೀಟರಿಗೆ ಇಳಿದು ಚಿತ್ರ ಮಂಕಾಗುತ್ತದೆ. ನಾಲ್ಕರಲ್ಲಿ 100 ಗಜದ ಆಚೆ ಸುಮಾರು 30 ಅಡಿ ಅಗಲದ ನೆಲ ಕಾಣುತ್ತದೆ, ಒಂಬತ್ತರಲ್ಲಿ ಅದರ ಅರ್ಧವೂ ಇಲ್ಲ. ಗುಂಡಿನ ಹಿಂದೊದೆತಕ್ಕೆ ಸಡಿಲಾಗುವ ಭಾಗಗಳೂ ಒಂದೇ ಪವರಿನದರಲ್ಲಿ ಕಡಿಮೆ. ತೂಕ ಕಡಿಮೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಂಡ ಸಂಗತಿ ಬೇರೆ. ಒಂದೇ ಪವರಿನದನ್ನು ಆರಿಸಿಕೊಂಡವನು ತನಗೆ ತಾನೇ ಒಂದು ಎಲ್ಲೆ ಹಾಕಿಕೊಂಡಿರುತ್ತಾನೆ. ಅದರಾಚೆ ಕಂಡ ಪ್ರಾಣಿ ತನ್ನದಲ್ಲ. ಬೇಕೆಂದರೆ ಗಾಳಿಯ ದಿಕ್ಕು ನೋಡಿ, ಹೊಟ್ಟೆಯ ಮೇಲೆ ತೆವಳಿ, ಹತ್ತಿರ ಹೋಗಬೇಕು. ಇಲ್ಲವಾದರೆ ಬಿಟ್ಟು ಬರಬೇಕು. ತಿರುಗಿಸುವ ಬಳೆ ಇದ್ದವನಿಗೆ ಆಸೆಯೂ ಬಳೆಯ ಸಂಗಡ ತಿರುಗುತ್ತದೆ. ದೂರ ಹೆಚ್ಚಾದಷ್ಟೂ ಗುಂಡು ಗಾಳಿಗೆ ಸರಿಯುತ್ತದೆ, ಕೆಳಗೆ ಇಳಿಯುತ್ತದೆ, ಪ್ರಾಣಿ ಗಾಯಗೊಂಡು ಓಡಿಹೋಗಿ ಎಲ್ಲೋ ಮುಳ್ಳಿನ ಮರೆಯಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ಅದು ಹೊಡೆದವನಿಗೆ ಕಾಣುವುದಿಲ್ಲ. ದುರ್ಬೀನು ತೋರಿಸದ ಸಂಗತಿ ಅದೊಂದೇ.

ಎಲ್ಲೆ ಇಲ್ಲದ ಬೇಟೆ ಏನು ಮಾಡಿತು ಎಂಬುದಕ್ಕೆ ದುರ್ಬೀನೇ ಬೇಕಾಗಿರಲಿಲ್ಲ. ಮಧ್ಯ ಭಾರತದ ಕೊರಿಯಾ ಸಂಸ್ಥಾನದಲ್ಲಿ 1947ರಲ್ಲಿ ಒಂದೇ ರಾತ್ರಿ ಮೂರು ಚೀತಾಗಳು ಗುಂಡಿಗೆ ಬಿದ್ದವು. 1952ರಲ್ಲಿ ಸರಕಾರ ಈ ದೇಶದಲ್ಲಿ ಚೀತಾ ಇಲ್ಲ ಎಂದು ಸಾರಿತು. 2022ರಲ್ಲಿ ಆಫ್ರಿಕದಿಂದ ತಂದು ಮತ್ತೆ ಬಿಡಬೇಕಾಯಿತು. ಸಿಂಧನೂರಿಗೆ ನೆರೆಯ ಸಿರುಗುಪ್ಪದ ಎರೆನೆಲದಲ್ಲಿ ಎರೆಭೂತ ಹಕ್ಕಿಗಳು ಬೆರಳೆಣಿಕೆಗೆ ಬಂದಿವೆ. ತುಂಗಭದ್ರಾ ಕಾಲುವೆ ಬಂದು ಸಿಂಧನೂರಿನ ಬಯಲೆಲ್ಲ ಭತ್ತದ ಗದ್ದೆಯಾದ ಮೇಲೆ ಬಯಲಿನ ಪ್ರಾಣಿಗಳಿಗೆ ನೆಲವೇ ಕಡಿಮೆಯಾಯಿತು. ಗುಂಡು ಮುಗಿಸದೆ ಬಿಟ್ಟದ್ದನ್ನು ನೇಗಿಲು, ಕಾಲುವೆ ಸುತ್ತುವರಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚುವ ಹೊತ್ತಿಗೆ ಬಹಳಷ್ಟು ಹೋಗಿಯಾಗಿತ್ತು. ಹೀಗಾಗಿ ಬೇಟೆಯ ಬಂದೂಕಿಗೆ ಯಾವ ದುರ್ಬೀನು ಒಳ್ಳೆಯದು ಎಂಬ ಪ್ರಶ್ನೆ ಬೇರೆ ದೇಶಗಳಲ್ಲಿ ಅಂಗಡಿಯ ಪ್ರಶ್ನೆ, ನಮ್ಮಲ್ಲಿ ಚರಿತ್ರೆಯ ಪ್ರಶ್ನೆ.

ಹಾಗೆಂದು ಎಲ್ಲ ಮುಗಿಯಿತು ಎನ್ನುವ ಹಾಗಿಲ್ಲ. ನಮ್ಮ ಜಿಲ್ಲೆಯಲ್ಲೂ ಪಕ್ಕದ ಕೊಪ್ಪಳದಲ್ಲೂ ಎರೆಹೊಲಗಳಿಗೆ ಚಿಗರಿಗಳ ಹಿಂಡು ನುಗ್ಗಿ ಕಡಲೆ, ಜೋಳದ ಎಳೆಪೈರನ್ನು ಮೇದುಹೋಗುವುದುಂಟು. ಸಾಲ ಮಾಡಿ ಬಿತ್ತಿದ ರೈತನಿಗೆ ಅಶೋಕನ ಕಥೆ ಹೇಳಿದರೆ, "ಟೀಚರ್ರೀ, ಅವನ ಹೊಟ್ಟಿ ತುಂಬಿತ್ತರೀ" ಎನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪಿಲ್ಲ. ರಾಜ ಬಿಟ್ಟದ್ದು ವಿಹಾರ, ರೈತ ಬಿಡಬೇಕಾಗಿರುವುದು ಬೆಳೆ. ಎರಡರ ತೂಕ ಒಂದೇ ಅಲ್ಲ. ಸಾಹೇಬರೂ ಜಹಗೀರದಾರರೂ ಮೋಜಿಗೆ ಖಾಲಿ ಮಾಡಿದ ಬಯಲಿನ ಸಾಲವನ್ನು ಈಗ ಎರಡೆಕರೆಯವನು ತನ್ನ ಪೈರಿನಿಂದ ತೀರಿಸುತ್ತಿದ್ದಾನೆ. ಪರಿಹಾರದ ಹಣ ಹೊತ್ತಿಗೆ ಸರಿಯಾಗಿ ಅವನ ಕೈ ಸೇರದಿದ್ದರೆ ಪ್ರಾಣಿದಯೆ ಎನ್ನುವುದು ಪಟ್ಟಣದವರ ಮಾತಾಗಿಯೇ ಉಳಿಯುತ್ತದೆ.

ಅದಕ್ಕೇ ತರಗತಿಯಲ್ಲಿ ನಾನು ಮಸ್ಕಿಯನ್ನೂ ಹಲಗಲಿಯನ್ನೂ ಒಂದೇ ದಿನ ಹೇಳುತ್ತೇನೆ. ಆಯುಧವಿದ್ದೂ ಕೈ ಹಿಂದೆಗೆದ ಅರಸ ಒಬ್ಬ, ಆಯುಧ ಕಸಿದುಕೊಂಡರೆಂದು ಪ್ರಾಣ ಕೊಟ್ಟವರು ಇನ್ನೊಂದು ಕಡೆ. ತಾನಾಗಿ ಹಾಕಿಕೊಂಡ ಎಲ್ಲೆಗೂ ಇನ್ನೊಬ್ಬರು ಹೇರಿದ ಎಲ್ಲೆಗೂ ಇರುವ ಅಂತರ ಮಕ್ಕಳಿಗೆ ಗೊತ್ತಾಗಬೇಕು. ಕಾಯ್ದೆ ಇರಲೇಬೇಕು, ನಾನು ಅದರ ಪರ. ಆದರೆ ಹೊಲದ ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ಇಡೀ ರಾತ್ರಿ ಎಚ್ಚರಿರುವ ರೈತನು ಕಲ್ಲನ್ನು ಪ್ರಾಣಿಯ ಮೈಗೆ ಬೀಸದೆ ಅದರ ಮುಂದಿನ ನೆಲಕ್ಕೆ ಬೀಸುತ್ತಾನಲ್ಲ, ಆ ಗುರಿಯನ್ನು ಅವನಿಗೆ ಯಾವ ಕಾಯ್ದೆಯೂ ಕಲಿಸಲಿಲ್ಲ. ಅವನ ಹೊಟ್ಟೆಯ ಲೆಕ್ಕವನ್ನು ಸರಕಾರವೂ ನಾವೂ ನೋಡಿಕೊಂಡರೆ ಆ ಗುರಿ ಉಳಿದೀತು.