ಅಮರ ಸುಳ್ಯದ ಭತ್ತವೂ ಕಂಪೆನಿಯ ನಾಣ್ಯವೂ

ಹಾಲೇರಿ ಅರಸರ ಕಾಲದ ಕೊಡಗು ಘಟ್ಟದ ಮೇಲಣ ಸೀಮೆಯಷ್ಟೇ ಆಗಿರಲಿಲ್ಲ. ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಪ್ರಾಂತಗಳೂ ಅವರ ಆಳ್ವಿಕೆಗೆ ಒಳಪಟ್ಟಿದ್ದುವು. ಅಲ್ಲಿಯ ರೈತನು ಕಂದಾಯವನ್ನು ತಾನು ಬೆಳೆದ ಧಾನ್ಯದ ರೂಪದಲ್ಲಿಯೇ ಸಲ್ಲಿಸುತ್ತಿದ್ದನು. ಪೇಟೆಯ ಧಾರಣೆ ಇಳಿದರೆ ಕಂದಾಯದ ಭಾರವು ಅದರಿಂದ ಏರುತ್ತಿರಲಿಲ್ಲ.

1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಈ ಪ್ರಾಂತಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಅಂದಿನಿಂದ ಕಂದಾಯವನ್ನು ನಾಣ್ಯರೂಪದಲ್ಲಿ ತೆರಬೇಕಾಯಿತು. ಸುಗ್ಗಿಯಲ್ಲಿ ಎಲ್ಲರ ಕಣಜವೂ ತುಂಬಿರುವಾಗ ಭತ್ತಕ್ಕೆ ಬೆಲೆಯಿಲ್ಲ. ಕಂತಿನ ದಿನವಾದರೋ ಕಾಯುವುದಿಲ್ಲ. ರೈತನು ವರ್ತಕನು ಹೇಳಿದ ಬೆಲೆಗೆ ಮಾರಬೇಕು, ಇಲ್ಲವೇ ಸಾಲಕ್ಕೆ ಕೈಯೊಡ್ಡಬೇಕು. ಇದರ ಮೇಲೆ ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವು ಕಂಪೆನಿಯ ಏಕಸ್ವಾಮ್ಯ. ಬೆಳೆದುದನ್ನು ಅಗ್ಗಕ್ಕೆ ಮಾರಿ, ಬೆಳೆಯಲಾಗದ ಉಪ್ಪನ್ನು ತುಟ್ಟಿಗೆ ಕೊಳ್ಳುವ ದುಃಸ್ಥಿತಿಯೊದಗಿತು.

1837ರಲ್ಲಿ ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರು ಕಲ್ಯಾಣಸ್ವಾಮಿಯನ್ನು ಮುಂದಿಟ್ಟುಕೊಂಡು ದಂಗೆಯೆದ್ದರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ಏಪ್ರಿಲಿನಲ್ಲಿ ಮಂಗಳೂರೂ ಅವರ ಕೈಸೇರಿತು. ಆದರೆ ಎರಡು ವಾರಗಳೂ ತುಂಬುವ ಮೊದಲೇ ಕಂಪೆನಿಯ ಸೇನೆಯು ಪಟ್ಟಣವನ್ನು ಮರಳಿ ಪಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಅರಸುಮನೆತನದ ಮೇಲಣ ಅಭಿಮಾನವೇ ಈ ದಂಗೆಗೆ ಕಾರಣವೆಂದರೆ ಅದು ಅರ್ಧಸತ್ಯವಷ್ಟೆ. ಬಾವುಟವು ಹಾಲೇರಿಯ ವಂಶದ್ದಾದರೂ ಅದರಡಿಯಲ್ಲಿ ಜನರನ್ನು ಕೂಡಿಸಿದುದು ಬೆಲೆಯಿಲ್ಲದ ಭತ್ತ ಮತ್ತು ಬರಿದಾದ ಉಪ್ಪಿನ ಮಡಕೆ. ಗಡಿಯ ಗೆರೆಯನ್ನು ಬದಲಿಸಿದವರು ಆ ಮಡಕೆಯನ್ನು ಇಣುಕಿ ನೋಡಿರಲಿಲ್ಲ.